ಹಿನ್ನೀರಿನ ಬೆಸ್ತರ ವರ್ಷ

ಅಮರಕೋಶದ ವಾರಿವರ್ಗದಲ್ಲಿ ಮೀನುಗಳ ಹೆಸರುಗಳು ಬರುತ್ತವೆ. ರೋಹಿತ, ಮದ್ಗುರ, ಶಕುಲ ಮೊದಲಾದ ಆ ನಾಮಗಳನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಲ್ಲಿ ನಾನೂ ಒಬ್ಬನು. ಆದರೆ ರೋಹಿತವೆಂದರೆ ಎಂಥ ಮೀನು, ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂಬುದನ್ನು ನಮಗೆ ಪಾಠ ಹೇಳಿದ ಗುರುಗಳೂ ಕಂಡವರಲ್ಲ, ನಾವೂ ಕೇಳಿದವರಲ್ಲ. "ಒಂದು ಬಗೆಯ ಮೀನು" ಎಂದು ಅರ್ಥ ಬರೆದುಕೊಂಡು ಮುಂದಿನ ಶಬ್ದಕ್ಕೆ ಹೋಗುತ್ತಿದ್ದೆವು. ನಾನು ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವನಲ್ಲವಾದ್ದರಿಂದ ಆ ಅಜ್ಞಾನದಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ.

1996ರ ಸುಮಾರಿನಲ್ಲಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಮಗ್ಗುಲಲ್ಲಿರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದೆನು. ಒಂದು ದಿನ ತತ್ಸಮ ತದ್ಭವಗಳ ಪಾಠದ ನಡುವೆ ಈ ರೋಹಿತ ಶಬ್ದವು ಹೇಗೋ ಬಂದಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬೆಸ್ತರ ಹುಡುಗನೊಬ್ಬನು ಎದ್ದು, "ಅದು ರೋಹು ಇರಬೇಕು ಮೇಷ್ಟ್ರೇ. ನಮ್ಮಪ್ಪನ ಬಲೆಗೆ ಬೀಳುತ್ತದೆ. ಹೊಟ್ಟೆ ಬೆಳ್ಳಗೆ, ರೆಕ್ಕೆ ಸ್ವಲ್ಪ ಕೆಂಪು" ಎಂದನು. ರೋಹಿತವೆಂದರೆ ಕೆಂಪೆಂದೇ ಅರ್ಥ. ಉತ್ತರದವರ ರೋಹು ಆ ಶಬ್ದದಿಂದಲೇ ಬಂದುದು. ಮೂವತ್ತು ವರ್ಷ ನಾಲಗೆಯ ಮೇಲಿದ್ದ ಶಬ್ದದ ಅರ್ಥವನ್ನು ಹದಿನಾಲ್ಕು ವರ್ಷದ ಹುಡುಗನಿಂದ ತಿಳಿದೆನು. ಅಂದಿನಿಂದ ರಜೆಯ ದಿನಗಳಲ್ಲಿ ಅವನ ಹಟ್ಟಿಯ ಕಡೆಗೆ ಹೋಗುವುದು ನನಗೆ ಅಭ್ಯಾಸವಾಯಿತು. ಈ ಲೇಖನದಲ್ಲಿರುವುದರಲ್ಲಿ ಅರ್ಧ ಪುಸ್ತಕದ್ದು, ಅರ್ಧ ಆ ಹಟ್ಟಿಯದು.

ನದಿಯ ಮೀನುಗಾರಿಕೆಗೂ ಅಣೆಕಟ್ಟಿನ ಮೀನುಗಾರಿಕೆಗೂ ಬಹಳ ಅಂತರವುಂಟು. 1911ರಲ್ಲಿ ಆರಂಭವಾಗಿ 1932ರ ವೇಳೆಗೆ ಮುಗಿದ ಕೃಷ್ಣರಾಜಸಾಗರದಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಎಂಬ ಮೂರು ನದಿಗಳ ನೀರು ನಿಂತಿದೆ. ತುಂಬಿದಾಗ ಅಳತೆಗೋಲು 124.80 ಅಡಿಯನ್ನು ತೋರಿಸುತ್ತದೆ, ಒಳಗಿರುವುದು 49.45 ಟಿ.ಎಂ.ಸಿ. ನೀರು. ಇದು ನದಿಯೂ ಹೌದು, ಕೆರೆಯೂ ಹೌದು, ಪೂರ್ಣವಾಗಿ ಎರಡೂ ಅಲ್ಲ. ನೀರು ಬರುವುದು ಕೊಡಗಿನ ಮಳೆಯ ಇಷ್ಟದಂತೆ, ಹೋಗುವುದು ಕಾಲುವೆಯ ತೂಬಿನ ಬೀಗದ ಕೈ ಹಿಡಿದವರ ಇಷ್ಟದಂತೆ. ಹೀಗಾಗಿ ಬೆಸ್ತನ ಪಂಚಾಂಗವು ನಮ್ಮ ಪಂಚಾಂಗವಲ್ಲ. ನಮಗೆ ಚೈತ್ರದಲ್ಲಿ ವರ್ಷ ಹುಟ್ಟಿದರೆ ಅವನಿಗೆ ಹುಟ್ಟುವುದು ಹೊಸನೀರು ಬಂದ ದಿನ.

ಮೃಗಶಿರೆ ಮಳೆ ಹಿಡಿದು ಕೊಡಗಿನಲ್ಲಿ ನಾಲ್ಕಾರು ದಿನ ಬಿಡದೆ ಸುರಿದರೆ, ಹಿನ್ನೀರಿನ ತಲೆಯ ಕಡೆ ನೀರು ಮೊದಲು ಬಣ್ಣ ತಿರುಗುತ್ತದೆ. ಬೇಸಿಗೆಯ ಹಸಿರು ನೀರಿನೊಳಕ್ಕೆ ಕೆಂಚುನೀರು ನಾಲಗೆ ಚಾಚಿದಂತೆ ಬರುತ್ತದೆ. ಅದರೊಡನೆ ತಂಪು, ಮಣ್ಣಿನ ವಾಸನೆ, ಹರಿವಿನ ಸೆಳೆತ ಎಲ್ಲವೂ ಬರುತ್ತವೆ. ಬೇಸಿಗೆಯಿಡೀ ಮೊಟ್ಟೆ ಹೊತ್ತು ಕಾದಿದ್ದ ಗೆಂಡೆ ಜಾತಿಯ ಮೀನುಗಳಿಗೆ ಇದೇ ಸಂಕೇತ. ಹರಿವಿಗೆ ಎದುರಾಗಿ ಅವು ಹೊಳೆಯ ಬಾಯಿಗೆ, ಹಳ್ಳಗಳಿಗೆ, ಹೊಸದಾಗಿ ಮುಳುಗಿದ ಹುಲ್ಲುಗಾವಲಿಗೆ ಏರುತ್ತವೆ. ಒಂದು ಕಿಲೋ ತೂಕದ ರೋಹುವಿನ ಒಡಲಿನಲ್ಲಿ ಲಕ್ಷಕ್ಕೂ ಮೀರಿದ ಮೊಟ್ಟೆಗಳಿರುತ್ತವೆ. ಬೆಚ್ಚನೆಯ ಮಳೆನೀರಿನಲ್ಲಿ ಅವು ಒಡೆದು ಮರಿಯಾಗಲು ಒಂದು ಹಗಲು ಒಂದು ರಾತ್ರಿಯೂ ಬೇಕಾಗಿಲ್ಲ, ಹದಿನೈದು ಹದಿನೆಂಟು ಗಂಟೆ ಸಾಕು.

ಈ ಏರುಮೀನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ಬೆನ್ನು ಕಾಣುವಂತೆ ನುಗ್ಗುತ್ತದೆ. ಹಳ್ಳದ ಬಾಯಿಗೆ ಒಂದು ಕೂಳಿ ಒಡ್ಡಿದರೆ, ಅಥವಾ ಹರಕು ಬಲೆಯನ್ನು ಅಡ್ಡ ಹಿಡಿದರೆ, ಮಕ್ಕಳು ಕೂಡ ಬುಟ್ಟಿ ತುಂಬಿಸಬಹುದು. ವರ್ಷದಲ್ಲಿ ಮೀನು ಹಿಡಿಯಲು ಅತ್ಯಂತ ಸುಲಭವಾದ ವಾರಗಳು ಇವೇ. ಹಿಡಿಯಬಾರದ ವಾರಗಳೂ ಇವೇ. ಮುಂಗಾರಿನ ತಿಂಗಳುಗಳಲ್ಲಿ ಬಲೆ ನಿಲ್ಲಿಸಬೇಕೆಂಬ ನಿಷೇಧದ ಅರ್ಥವೆಲ್ಲವೂ ಇಷ್ಟರಲ್ಲಿದೆ. ಆಷಾಢದಲ್ಲಿ ಹಿಡಿದ ಒಂದು ಬಸಿರುಮೀನು ತೂಕದಲ್ಲಿ ಒಂದು ಕಿಲೋ, ಲೆಕ್ಕದಲ್ಲಿ ಮುಂದಿನ ವರ್ಷಗಳ ಎಷ್ಟೋ ಬುಟ್ಟಿ. ಮರಿಗಳಲ್ಲಿ ಬದುಕುವುದು ಸಾವಿರಕ್ಕೆ ಕೆಲವೇ ಎಂಬುದು ನಿಜ, ಆದರೆ ತಾಯಿಯೇ ಬುಟ್ಟಿಗೆ ಬಿದ್ದ ಮೇಲೆ ಆ ಕೆಲವೂ ಇಲ್ಲ.

ಹೈದರಾಬಾದಿನ ಸೀಮೆಯಲ್ಲಿ ಮೃಗಶಿರೆ ಹುಟ್ಟಿದ ದಿನವೇ ಮೀನು ತಿನ್ನಬೇಕೆಂಬ ವಾಡಿಕೆಯುಂಟು. ಶೀತಕ್ಕೆ ಒಳ್ಳೆಯದೆಂದು ಹೇಳುತ್ತಾರೆ. ತಿನ್ನುವವರ ಶೀತ ಹೋಗುವುದೋ ಇಲ್ಲವೋ ನಾನರಿಯೆನು. ಮೀನಿಗಂತೂ ಅದಕ್ಕಿಂತ ಅಶುಭವಾದ ಮುಹೂರ್ತವಿಲ್ಲ.

ಕುಚ್ಚುಮೀನಿನ ವಿಚಾರವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆನು. ಕೊರವವೆಂದೂ ಇದನ್ನು ಕರೆಯುತ್ತಾರೆ. ಅಮರಸಿಂಹನ ಶಕುಲವು ಇದೇ ಎಂದು ವಿದ್ವಾಂಸರ ಮತ. ಹಾವಿನ ತಲೆಯಂಥ ತಲೆ, ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಶಕ್ತಿ, ಚಿಕ್ಕ ಮೀನುಗಳನ್ನು ನುಂಗುವ ಸ್ವಭಾವ. ನೋಡಲು ಇದೊಂದು ಕ್ರೂರಜಂತು. ಆದರೆ ಮರಿಯಾದ ಮೇಲೆ ಇದರ ನಡತೆ ಬೇರೆ. ಜೊಂಡಿನ ನಡುವೆ ಗೂಡಿನಂತೆ ಜಾಗ ಮಾಡಿಕೊಂಡು ಮೊಟ್ಟೆಯಿಡುತ್ತದೆ. ಕೆಂಪಗಿನ ಮರಿಗಳು ನೂರಾರು ಒಟ್ಟಾಗಿ, ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ, ಒಂದೇ ಮುದ್ದೆಯಾಗಿ ಚಲಿಸುತ್ತವೆ. ತಾಯಿತಂದೆಗಳು ಅದರ ಕೆಳಗೆ ಕಾವಲಾಗಿರುತ್ತವೆ. ಹುಡುಗನ ತಂದೆಯು ಒಮ್ಮೆ ನನ್ನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೋಗಿ ಈ ಕೆಂಪು ಮುದ್ದೆಯನ್ನು ತೋರಿಸಿದನು. ಗಾಳ ಹಾಕಬಲ್ಲವನಿಗೆ ಅದು ದೊಡ್ಡ ಮೀನಿರುವ ಗುರುತು. ಮರಿಗಳ ನಡುವೆ ಗಾಳ ಬಿಟ್ಟರೆ ಕಾವಲಿನ ಮೀನು ಹಸಿವಿಗಲ್ಲ, ಕೋಪಕ್ಕೆ ಕಚ್ಚುತ್ತದೆ. ಅದನ್ನು ಎತ್ತಿದ ಮರುಗಳಿಗೆಯೇ ಸುತ್ತಲಿನ ಮೀನುಗಳು ಮರಿಗಳ ಮೇಲೆ ಬೀಳುತ್ತವೆ. "ಇದಕ್ಕೆ ಗಾಳ ಹಾಕೋದಿಲ್ಲ ಸ್ವಾಮಿ" ಎಂದನು ಆತನು. ಯಾವ ಕಾನೂನಿನಲ್ಲಿ ಓದಿದ್ದನೋ ನಾನು ಕೇಳಲಿಲ್ಲ. ಆತನಿಗೆ ಓದಲು ಬರುತ್ತಿರಲಿಲ್ಲ.

ಶ್ರಾವಣ ಭಾದ್ರಪದಗಳಲ್ಲಿ ನೀರು ತುಂಬಿ ಹರಡಿಕೊಳ್ಳುತ್ತದೆ. ಹೊರಗಿನವರು ಇದೇ ಮೀನಿನ ಸುಗ್ಗಿಯೆಂದು ಭಾವಿಸುವರು, ಅದು ತಪ್ಪು. ನೀರು ಹೆಚ್ಚಿದಷ್ಟೂ ಮೀನು ಚದುರುತ್ತದೆ. ಗಾಳಿಯೂ ಜೋರು, ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಹತ್ತು ಮಾರು ಬಲೆಗೆ ಎರಡು ಪಕ್ಕೆಮೀನು ಬಿದ್ದರೆ ಹೆಚ್ಚು. ಮರಿಗಳು ಮಾತ್ರ ಮುಳುಗಿದ ಹುಲ್ಲು, ಸಗಣಿ, ಕೊಳೆತ ಎಲೆಗಳಿಂದ ಹುಟ್ಟುವ ಸೂಕ್ಷ್ಮಜೀವಿಗಳನ್ನು ತಿಂದು ದಿನದಿನಕ್ಕೆ ಬೆಳೆಯುತ್ತವೆ. ಬಿತ್ತನೆ ಮರಿಗಳನ್ನು ತಂದು ಬಿಡುವುದೂ ಸಾಮಾನ್ಯವಾಗಿ ಈ ಕಾಲದಲ್ಲಿಯೇ. ಕಾಟ್ಲ, ರೋಹು, ಮೃಗಾಲ್ ಎಂಬ ಮೂರೂ ಉತ್ತರದ ಮಹಾನದಿಗಳ ಮೀನುಗಳು. ನಿಂತ ನೀರಿನಲ್ಲಿ ಅವು ಬೆಳೆಯುತ್ತವೆಯೇ ಹೊರತು ಸುಲಭವಾಗಿ ಮರಿಮಾಡುವುದಿಲ್ಲ. ಹಿಂದೆ ಪ್ರವಾಹದ ನದಿಗಳಿಂದ ಮೊಟ್ಟೆ ಮರಿಗಳನ್ನು ಸೋಸಿ ತರಬೇಕಾಗಿದ್ದಿತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ ಚೌಧರಿ ಎಂಬ ವಿಜ್ಞಾನಿಗಳು ಮೀನಿನ ಮಿದುಳಿನ ಬುಡದ ಗ್ರಂಥಿಯ ಸಾರವನ್ನು ಚುಚ್ಚಿ ಕೊಳದಲ್ಲಿಯೇ ಮೊಟ್ಟೆಯಿಡಿಸಿದರು. ಇಂದು ನಮ್ಮ ಅಣೆಕಟ್ಟುಗಳಲ್ಲಿ ಹಿಡಿಯುವ ದೊಡ್ಡ ಗೆಂಡೆಗಳಲ್ಲಿ ಬಹುಪಾಲು ಆ ವಿದ್ಯೆಯ ಸಂತಾನ.

ಕಾರ್ತಿಕ ಕಳೆದು ಮಂಜು ಬೀಳತೊಡಗಿದರೆ ನೀರು ತಿಳಿಯಾಗಿ ನೆಲೆಗೊಳ್ಳುತ್ತದೆ. ಬೆಸ್ತನ ನಿಜವಾದ ವಿದ್ಯೆ ಕಾಣಬೇಕಾದರೆ ಈ ಕಾಲದಲ್ಲಿ ನೋಡಬೇಕು. ಕಾಟ್ಲವು ಮೇಲುನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಮೂರು ಅಂತಸ್ತಿನ ಮನೆಯಂತೆ. ಯಾವ ಅಂತಸ್ತಿಗೆ ಬಲೆ ಎಂಬುದನ್ನು ಬೆಂಡು ಮತ್ತು ಗುಂಡುಗಳ ಲೆಕ್ಕದಿಂದ ನಿರ್ಣಯಿಸುವರು. ಸಂಜೆ ಬಲೆ ಕಟ್ಟಿ ಬಂದು ಬೆಳಗಿನ ಜಾವ ಎತ್ತುವರು. ಬೆಳುದಿಂಗಳಿನಲ್ಲಿ ತಿಳಿನೀರಿನ ಬಲೆ ಮೀನಿಗೆ ಕಾಣುವುದರಿಂದ ಹುಣ್ಣಿಮೆಯ ಸುತ್ತ ಬೇಟೆ ಕಡಿಮೆ, ಅಮಾವಾಸ್ಯೆಯ ಸುತ್ತ ಹೆಚ್ಚು. ಹಿಂದಿನ ನೂಲುಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಬಣ್ಣಗೊಳಿಸುತ್ತಿದ್ದರಂತೆ. ಈಗಿನ ನೈಲಾನ್ ಬಲೆಗೆ ಆ ಉಪಚಾರ ಬೇಡ. ಕೊಳೆಯುವುದಿಲ್ಲವೆಂಬುದು ಅದರ ಗುಣ, ಅದೇ ದೋಷವೂ ಹೌದು. ಕಳೆದುಹೋದ ಬಲೆ ನೀರಿನಡಿಯಲ್ಲಿ ವರ್ಷಗಟ್ಟಲೆ ಯಾರಿಗೂ ಅಲ್ಲದ ಮೀನನ್ನು ಹಿಡಿಯುತ್ತಲೇ ಇರುತ್ತದೆ.

ಬಲೆಯ ಕಣ್ಣಿನ ವಿಚಾರವಾಗಿ ಹಟ್ಟಿಯಲ್ಲಿ ಸದಾ ಜಗಳ. ದೊಡ್ಡ ಕಣ್ಣಿನ ಬಲೆಯಲ್ಲಿ ಮರಿ ತಪ್ಪಿಸಿಕೊಂಡು ಹೋಗಿ ಮುಂದಿನ ವರ್ಷ ದೊಡ್ಡದಾಗಿ ಬರುತ್ತದೆ. ಆದರೆ ಬರುವುದು ಯಾರ ಬಲೆಗೆ? ನೀರಿಗೆ ಬೇಲಿಯಿಲ್ಲವಾದ್ದರಿಂದ ಒಬ್ಬನು ಬಿಟ್ಟ ಮರಿಯನ್ನು ಪಕ್ಕದವನು ಸೊಳ್ಳೆಪರದೆಯಂಥ ಬಲೆಯಲ್ಲಿ ಬಾಚುತ್ತಾನೆ. ಇವರಿಬ್ಬರ ಪಾಲಿಗೆ ನೀರುನಾಯಿಗಳು ಬೇರೆ. ಬಲೆಗೆ ಬಿದ್ದ ಮೀನಿನ ಅರ್ಧವನ್ನು ತಿಂದು, ಬಲೆಯನ್ನೂ ಹರಿದು ಹೋಗುತ್ತವೆ.

ಬೇಸಿಗೆಯಲ್ಲಿ ಕಾಲುವೆಗೆ ನೀರು ಹೋಗಿ ಹೋಗಿ ಹಿನ್ನೀರು ಹಿಂದಕ್ಕೆ ಸರಿಯುತ್ತದೆ. ಹಳೆಯ ಮರಗಳ ಬೊಡ್ಡೆ, ಬಾವಿಯ ಕಟ್ಟೆ, ಹೊಲದ ಬದುಗಳು ಮೇಲೇಳುತ್ತವೆ. ನೀರು ಕುಗ್ಗಿದಂತೆ ಮೀನು ಒತ್ತೊತ್ತಾಗಿ ಸೇರುವುದರಿಂದ ಬಲೆಗೆ ಹೇರಳವಾಗಿ ಸಿಗುವುದು ಈ ಕಾಲದಲ್ಲಿಯೇ. ಸುಗ್ಗಿಯೆಂದರೆ ಇದು. ಎಲ್ಲರ ಬುಟ್ಟಿಯೂ ತುಂಬುವುದರಿಂದ ಬೆಲೆಯೂ ಇಳಿಯುತ್ತದೆ. ಬಿಸಿಲಿಗೆ ಮಧ್ಯಾಹ್ನದೊಳಗೆ ಮಾರದಿದ್ದರೆ ಉಪ್ಪಿಗೆ ಹಾಕಬೇಕು. ಮಳೆ ತಪ್ಪಿದ ವರ್ಷ ಈ ಸುಗ್ಗಿಯೇ ಸಂಹಾರವಾಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ಅಣೆಕಟ್ಟು ತುಂಬಲಿಲ್ಲ. ಮರು ಬೇಸಿಗೆಯಲ್ಲಿ ಉಳಿದ ಮಡುಗಳಿಂದ ಚಿಕ್ಕದು ದೊಡ್ಡದೆನ್ನದೆ ಎತ್ತಿದರು. 2024ರ ಜುಲೈಯಲ್ಲಿ ನೀರು ತುಂಬಿತು. ನೀರು ತುಂಬಿದಷ್ಟು ಬೇಗ ಮೀನು ತುಂಬುವುದಿಲ್ಲ. ಅಂಥ ವರ್ಷಗಳಲ್ಲಿ ಮೇಲಾಗುವುದು ಜಿಲೇಬಿಮೀನು. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಈ ಮೀನಿಗೆ ಹೊಸನೀರೂ ಬೇಡ, ಹರಿವೂ ಬೇಡ. ತಾಯಿಯು ಮೊಟ್ಟೆಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಮರಿಮಾಡುತ್ತದೆ, ಅದೂ ವರ್ಷಕ್ಕೆ ಹಲವು ಸಲ. ನಮ್ಮ ಹೊಳೆಯ ಗೆಂಡೆಗಳು ಕಾಯುವ ಮಳೆ ಬಾರದಿದ್ದರೆ ಅವುಗಳ ಜಾಗದಲ್ಲಿ ಇದು ಸಂಸಾರ ಹೂಡುತ್ತದೆ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎರಚಿದವರೆಲ್ಲರೂ ದೊಡ್ಡ ಹುರುಪೆಯ ಮೀನುಗಳನ್ನು ಕಂಡಿರಬಹುದು. ಅವುಗಳ ಹತ್ತಿರದ ಬಂಧು ಕಾವೇರಿಯ ಬಿಳಿಮೀನು, ಬೆನ್ನು ಉಬ್ಬಿದ ಮಹಾಶೀರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಒಂದು ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಷ್ಟು ಪ್ರಸಿದ್ಧವಾದ ಮೀನಿಗೆ 2018ರವರೆಗೆ ಶಾಸ್ತ್ರೀಯ ನಾಮಧೇಯವೇ ನಿಶ್ಚಿತವಾಗಿರಲಿಲ್ಲ. ಹೆಸರನ್ನು ಬಲ್ಲವನಾಗಿ ಮೀನನ್ನು ಕಾಣದೆ ಇದ್ದ ನನ್ನಂಥವನಿಗೆ, ಮೀನಿದ್ದು ಹೆಸರಿಲ್ಲದ ಈ ಸಂಗತಿ ಸ್ವಲ್ಪ ಸಮಾಧಾನ ತಂದಿತು. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನಲ್ಲಿದೆಯೆಂದೂ ಘೋಷಿತವಾಯಿತು. ಅಣೆಕಟ್ಟುಗಳು ಅದು ಏರುವ ದಾರಿಯನ್ನು ಕಟ್ಟಿದವು, ಸಿಡಿಮದ್ದು ಉಳಿದ ಕೆಲಸ ಮಾಡಿತು. ನೀರಿನಲ್ಲಿ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ನಿಷೇಧಿಸಿದ ಕಾನೂನು ಭಾರತದಲ್ಲಿ 1897ರಷ್ಟು ಹಿಂದೆಯೇ ಬಂದಿತ್ತೆಂಬುದನ್ನು ನೆನೆದರೆ, ಕಾನೂನಿನ ವಯಸ್ಸಿಗೂ ಪಾಲನೆಗೂ ಸಂಬಂಧವಿಲ್ಲವೆಂದು ತೋರುತ್ತದೆ.

ಕಾನೂನಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಹುಡುಗನ ಪ್ರಶ್ನೆ. ಅದೇ ವರ್ಷದ ಆಷಾಢದಲ್ಲಿ ಚರಿತ್ರೆಯ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ ಅಶೋಕನ ಪಾಠವನ್ನು ನಾನೇ ತೆಗೆದುಕೊಂಡಿದ್ದೆನು. ನಮ್ಮ ಬ್ರಹ್ಮಗಿರಿ ಮಸ್ಕಿಗಳಲ್ಲಿರುವುವು ಬೇರೆ ಶಾಸನಗಳು. ದೆಹಲಿಯ ಕಂಬದ ಮೇಲಿರುವ ಐದನೆಯ ಸ್ತಂಭಶಾಸನದಲ್ಲಿ, ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ, ಅಶೋಕನು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ತಿಷ್ಯ ನಕ್ಷತ್ರದ ಹುಣ್ಣಿಮೆಯಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂದು ವಿಧಿಸಿದ್ದಾನೆ. ಕೈವರ್ತರ, ಎಂದರೆ ಬೆಸ್ತರ, ಮೀಸಲು ನೀರುಗಳ ಪ್ರಸ್ತಾಪವೂ ಅದರಲ್ಲಿದೆ. ಆಷಾಢದ ಹುಣ್ಣಿಮೆಯೂ ಆ ಚಾತುರ್ಮಾಸ್ಯದಲ್ಲಿ ಸೇರುತ್ತದೆಂದು ನಾನು ಉತ್ಸಾಹದಿಂದ ವಿವರಿಸಿದೆನು. ಮೀನು ಹಿಡಿಯುವುದನ್ನು ವಿನೋದವೆಂದು ವರ್ಣಿಸಿ, ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಹೇಳಿದ ನಮ್ಮ ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವನ್ನೂ ಹೋಲಿಕೆಗೆ ತಂದೆನು. ಹಿಂದಿನ ಸಾಲು ಖಾಲಿಯಾಗಿದ್ದುದನ್ನು ಗಮನಿಸಲಿಲ್ಲ.

ಹುಡುಗನು ಹದಿನೈದು ದಿನವಾದರೂ ಬಾರದಿರಲು ಹಟ್ಟಿಗೆ ಹೋದೆನು. ಒಲೆ ಹೊತ್ತಿರಲಿಲ್ಲ. ನಿಷೇಧದ ಕಾಲದಲ್ಲಿ ಹಳ್ಳದ ಬಾಯಿಗೆ ಬಲೆ ಒಡ್ಡಿದನೆಂದು ಕಾವಲಿನವರು ತಂದೆಯ ಬಲೆಯನ್ನೂ ಬುಟ್ಟಿಯನ್ನೂ ಕೊಂಡೊಯ್ದಿದ್ದರು. ಕುಚ್ಚುಮೀನಿಗೆ ಗಾಳ ಹಾಕದ ಮನುಷ್ಯನೇ ಈತನು! ತಾಯಿಗೆ ಜ್ವರ, ಮನೆಯಲ್ಲಿ ರಾಗಿ ಮುಗಿದಿತ್ತು. ಹುಡುಗನು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗುತ್ತಿದ್ದನು. ನಾನು ತಂದೆಗೆ ಬುದ್ಧಿ ಹೇಳಹೊರಟು, ತಪ್ಪಿ ಅಶೋಕನ ಹೆಸರನ್ನೆತ್ತಿದೆನು. ಸಂಜೆ ಗೂಡಿನಿಂದ ಬಂದ ಹುಡುಗನು ಕೈ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಮೀನು ಹಿಡೀಬೇಡಿ ಅಂದ ದಿನ ಅಶೋಕ ಬೆಸ್ತರಿಗೆ ಅಕ್ಕಿ ಕೊಡುತ್ತಿದ್ದನಾ ಮೇಷ್ಟ್ರೇ?" ಎಂದನು. ಶಾಸನದಲ್ಲಿ ಆ ವಿಷಯವಿಲ್ಲ. ಅದನ್ನೇ ಹೇಳಿದೆನು. ಮರುದಿನ ಒಂದು ಮೂಟೆ ರಾಗಿಯನ್ನು ಕಳುಹಿಸಿದೆನಾದರೂ ಅದು ಪ್ರಶ್ನೆಗೆ ಉತ್ತರವಲ್ಲವೆಂಬುದು ನನಗೆ ಗೊತ್ತಿತ್ತು. ಹುಡುಗನು ಶಾಲೆಗೆ ಮರಳಿ ಬಂದನು. ಹತ್ತನೆಯ ತರಗತಿಯನ್ನು ಮುಗಿಸಿ ದೋಣಿಗೆ ಇಳಿದನು.

ಈಗ ಅವನಿಗೆ ನಲವತ್ತು ದಾಟಿದೆ. ಮೀನುಗಾರರ ಸಂಘದಲ್ಲಿ ನಾಲ್ಕು ಜನ ಕೇಳುವ ಮಾತು ಅವನದು. ಆಷಾಢದಲ್ಲಿ ಹಳ್ಳದ ಬಾಯಿ ಕಾಯುವವರಲ್ಲಿ ಅವನೇ ಮುಂದು, ಇದರಿಂದ ಸ್ವಂತ ದಾಯಾದಿಗಳೊಡನೆ ಮಾತು ಬಿಟ್ಟಿದ್ದಾನೆ. ಬಲೆ ನಿಂತ ತಿಂಗಳುಗಳಿಗಾಗಿ ಸರ್ಕಾರದ ಉಳಿತಾಯ ಪರಿಹಾರ ಯೋಜನೆಯೊಂದುಂಟು. 2020ರಲ್ಲಿ ಆರಂಭವಾದ ಮತ್ಸ್ಯಸಂಪದ ಯೋಜನೆಯ ಲೆಕ್ಕದಂತೆ ಮೀನುಗಾರನು ಕೂಡಿಟ್ಟ 1500 ರೂಪಾಯಿಗೆ ಸರ್ಕಾರವು 3000 ಸೇರಿಸಿ, ಮೂರು ತಿಂಗಳಿಗೆ ಒಟ್ಟು 4500 ರೂಪಾಯಿಗಳನ್ನು ಕೊಡಬೇಕು. ತಿಂಗಳಿಗೆ 1500 ಆಯಿತು, ಅದರಲ್ಲಿ ಮೂರನೆಯ ಒಂದು ಪಾಲು ಅವನದೇ ದುಡ್ಡು. ಏನೂ ಇಲ್ಲದ ಕಾಲಕ್ಕಿಂತ ಇದು ಮೇಲು. ಐದು ಜನರ ಸಂಸಾರಕ್ಕೆ ಎಷ್ಟು ದಿನ ಬರುತ್ತದೆಂಬುದನ್ನು ಮನೆವಾರ್ತೆ ನಡೆಸುವ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಆದರೆ ಮೀನು ಕೊಳ್ಳುವ ಮನೆಗಳಲ್ಲಿ ಒಂದು ಮಾತನ್ನು ನೆನಪಿಡಬಹುದು. ಆಷಾಢದ ಸಂತೆಯಲ್ಲಿ ಹೊಟ್ಟೆಯುಬ್ಬಿದ ಹೊಳೆಮೀನನ್ನು "ಮೊಟ್ಟೆ ಮೀನು" ಎಂದು ಹೆಚ್ಚಿನ ಬೆಲೆಗೆ ಕೂಗುತ್ತಾರೆ. ಕೊಳ್ಳುವವರಿರುವುದರಿಂದ ಕೂಗುತ್ತಾರೆ. ಆ ಎರಡು ತಿಂಗಳು ಕೊಳದಲ್ಲಿ ಸಾಕಿದ ಮೀನೂ ಸಮುದ್ರದ ಒಣಮೀನೂ ಸಿಗುತ್ತವೆ. ತಿನ್ನದವನು ತಿನ್ನುವವರಿಗೆ ಹೇಳುವ ಮಾತಾದ್ದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ.

2025ರಲ್ಲಿ ಕಟ್ಟೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಜೂನ್ ತಿಂಗಳೊಳಗೇ ನೀರು ತುಂಬಿ, ಬಾಗಿನವೂ ಆ ತಿಂಗಳೇ ಸಂದಿತು. ಆ ವಾರದಲ್ಲಿ ನಾನು ಹಟ್ಟಿಗೆ ಹೋದೆನು. ಹೊಸನೀರು ಹೊಂಗೆಮರದ ಬುಡದವರೆಗೆ ಬಂದಿತ್ತು. ಬಲೆಗಳನ್ನೆಲ್ಲ ಕೊಂಬೆಗೆ ತೂಗುಹಾಕಿ, ಅವನು ಹರಿದ ಕಣ್ಣುಗಳನ್ನು ಹೆಣೆಯುತ್ತ ಕುಳಿತಿದ್ದನು. ಮಗಳು ಪಕ್ಕದಲ್ಲಿ ಕುಳಿತು ದಾರ ಸುತ್ತಿಕೊಡುತ್ತಿದ್ದಳು. ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ, ಮುಳುಗಿದ ಹುಲ್ಲಿನ ನಡುವೆ, ಗೆಂಡೆಗಳು ನೀರು ಬಡಿಯುತ್ತಿದ್ದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ಬುಟ್ಟಿ ಮುಳುಗಿಸಿದರೆ ಸಾಕು. "ಈ ಸಲ ಬೇಗ ಏರಿವೆ" ಎಂದಷ್ಟೇ ಹೇಳಿ ಅವನು ಮತ್ತೆ ಬಲೆಯ ಕಡೆಗೆ ತಿರುಗಿದನು. ಮನೆಯೊಳಗಿನಿಂದ ಹೆಂಡತಿಯು ರಾಗಿಹಿಟ್ಟು ಎರವಲು ತರಲು ಮಗಳನ್ನು ಕೂಗಿದಳು; ಹುಡುಗಿಯು ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟು ಎದ್ದುಹೋದಳು.